ಗರೀಬ, ಪರದೇಸಿ

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದೆ. 'ಗರೀಬ ಮಂದಿ ಅದೀವ್ರಿ, ಭಾಳ ಇಳಸಬ್ಯಾಡ್ರಿ' ಅಂದಳು ಹಣ್ಣಿನವ್ವ. ಕೇಳಿದಷ್ಟು ಕೊಟ್ಟು ಬಸ್ ಹತ್ತಿದೆ. ಕಲಬುರಗಿ ಮುಟ್ಟುವ ತನಕ ಆ 'ಗರೀಬ' ನನ್ನ ಪಕ್ಕದಲ್ಲೇ ಕುಂತಿತ್ತು.

ಅರಬ್ಬಿಯಲ್ಲಿ ಗರೀಬ ಮೂಲತಃ ಬಡವನಲ್ಲ, ಪರಊರಿನವ. ಆರುನೂರು ವರ್ಷದ ಹಿಂದೆ ಬಹಮನಿಗಳ ಈ ಕಲಬುರಗಿಯಲ್ಲಿ ಗರೀಬರೆಂದರೆ ಇರಾನ್, ಇರಾಕ್ ಕಡೆಯಿಂದ ಬಂದ ವ್ಯಾಪಾರಿಗಳು, ಪಂಡಿತರು, ಸರದಾರರು. ಬಡತನಕ್ಕೂ ಅವರಿಗೂ ದೂರ. ಅವರನ್ನು ಪರದೇಸಿಗಳೆಂದೂ ಕರೆದರು. ಆಫಾಕಿ ಎಂದೂ, ಅಂದರೆ ದಿಗಂತದವರು. ಇಷ್ಟು ಚಂದದ ಹೆಸರಿಟ್ಟು ಜಗಳಾಡಿದವರು ಬೇರೆ ಯಾರಿದ್ದಾರೋ! 1397ರಲ್ಲಿ ಪಟ್ಟವೇರಿದ ಫಿರೋಜ್ ಶಾಹ ಗೋವಾ, ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗು ಕಳಿಸಿ ಇಂಥವರನ್ನು ಕರೆಸುತ್ತಿದ್ದನಂತೆ. ವಿಜಯನಗರದ ದೇವರಾಯನ ಮಗಳನ್ನು ಮದುವೆಯಾದ, ಒಬ್ಬೊಬ್ಬ ರಾಣಿಯ ಜತೆ ಅವಳದೇ ಮಾತಾಡುತ್ತಿದ್ದ ಎಂದೂ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ.

ಇದಕ್ಕೂ ಒಂಬೈನೂರು ವರ್ಷ ಮೊದಲು ಚೀನಾದ ದೊರೆ ಶಿಯಾವ್‌ವೆನ್ ಇಂಥ ಬೆರಕೆಯನ್ನು ಹುಕುಂ ಹೊರಡಿಸಿಯೇ ಮಾಡಿದ್ದ. ರಾಜಧಾನಿಯನ್ನು ಲುವೊಯಾಂಗ್‌ಗೆ ಒಯ್ದ. ದರಬಾರಿನಲ್ಲಿ ತನ್ನದೇ ಶಿಯಾನ್‌ಬೇಯ್ ಜನರ ಉಡುಪು, ನುಡಿ ನಿಲ್ಲಿಸಿದ. ಮೂವತ್ತು ದಾಟಿದವರ ನಾಲಿಗೆಗೆ ಮಾತ್ರ ಒಂದಿಷ್ಟು ರಿಯಾಯಿತಿ. 496ರಲ್ಲಿ ತುವೊಬಾ ಎಂಬ ಮನೆತನದ ಹೆಸರನ್ನೇ ಯುವಾನ್ ಎಂದು ಬದಲಿಸಿಕೊಂಡ. ನಮ್ಮಲ್ಲಿ ಹೆಸರು ಬದಲಿಸುವ ಬದಲು ಬಣ ಕಟ್ಟಿದರು. ಆಫಾಕಿಗಳನ್ನು ಕಂಡರಾಗದವರು ತಾವು ದಖನಿ, ಇಲ್ಲಿಯವರು ಎಂದರು. ಅವರಲ್ಲಿ ಎಷ್ಟೋ ಮಂದಿಯ ಅಜ್ಜಂದಿರು 1327ರ ಸುಮಾರಿಗೆ ತುಘಲಕನ ಕಾಲದಲ್ಲಿ ದಿಲ್ಲಿಯಿಂದ ದೌಲತಾಬಾದಿಗೆ ಬಂದವರು! ಊರಿನ ಹೆಸರಿಗೇ ಅಂಟಿಕೊಂಡಿರುವ ಸೂಫಿ ಸಂತ ಖಾಜಾ ಬಂದೇ ನವಾಜರೂ ಸುಮಾರು 1400ರಲ್ಲಿ ದಿಲ್ಲಿಯಿಂದಲೇ ಬಂದರು.

ಆಫಾಕಿ ಪುಸ್ತಕ ಸೇರಿತು. ಗರೀಬ ಫಾರಸಿ, ಉರ್ದು ದಾಟಿ ಬರುವಷ್ಟರಲ್ಲಿ ಬಡವನಾಗಿದ್ದ. ಊರು ಬಿಟ್ಟವನಿಗೆ ಕೈಹಿಡಿಯುವವರು ಯಾರು? ಸಂಸ್ಕೃತದ ಕಡೆಯಿಂದ ಬಂದ ಪರದೇಸಿ ಯಾರನ್ನೂ ಕೇಳದೆ ಅದೇ ಇಳಿಜಾರು ಇಳಿಯಿತು. 'ಪರದೇಸಿ ಹಂಗ ಯಾಕ ಕುಂತೀಯೋ' ಎಂದು ಆಯಿ ಬೈದರೆ ಪಾಸ್‌ಪೋರ್ಟ್ ಕೇಳಿದಂತಲ್ಲ, ಹೇಳೋರಿಲ್ಲ ಕೇಳೋರಿಲ್ಲ ಎಂಬ ಸಂಕಟ ಅದು.

ಕಲಬುರಗಿಯಲ್ಲಿ ಇಳಿದಾಗ ಬೆಂಗಳೂರು ಬಸ್ಸಿನಿಂದ ಚೀಲ ಹೊತ್ತು ಇಳಿದ ಹುಡುಗನೊಬ್ಬ ಫೋನಿನಲ್ಲಿ ಹೇಳುತ್ತಿದ್ದ: 'ಅಲ್ಲಿ ಪರದೇಸಿ ಆಗಿ ಬಿದ್ದಿದ್ನಪಾ.' ಯಾವ ಅರ್ಥದಲ್ಲಿ ಅಂದನೋ, ನಾನು ಕೇಳಲಿಲ್ಲ.