ಗಾಳಿಗೆ ಹಾರದ ಸೂರು

ಮನೆಯ ಸೂರೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಭಾರ. ತೊಲೆ ಗೋಡೆಯ ಮೇಲೆ ಕುಳಿತಿದೆ, ಗೋಡೆ ನೆಲದ ಮೇಲೆ ನಿಂತಿದೆ. ಮೇಲಿನದನ್ನು ಕೆಳಗಿನದು ಹೊರುತ್ತದೆ. ಹೆಂಚಿನ ಮನೆಗಳನ್ನು ಕಂಡು ಬೆಳೆದ ನಮಗೆ ಸೂರನ್ನು ನೆಲಕ್ಕೆ ಬಿಗಿದು ಕಟ್ಟಬೇಕೆಂಬ ಮಾತು ನಗೆ ತರಿಸಿದರೂ ತರಿಸೀತು. ಆದರೆ ಚಂಡಮಾರುತದಲ್ಲಿ ಸೂರು ಕುಸಿಯುವುದಕ್ಕಿಂತ ಹೆಚ್ಚಾಗಿ ಹಾರುತ್ತದೆ. ಅದರ ಮೇಲೆ ರಭಸದಿಂದ ಹರಿಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ. ಒಂದು ಕಿಟಕಿ ಒಡೆಯಿತೆಂದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ನೂಕುತ್ತದೆ.

ಆಸ್ಟ್ರೇಲಿಯಾದ ಉತ್ತರ ತೀರದ ಡಾರ್ವಿನ್ ನಗರವು ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1974ರ ಡಿಸೆಂಬರ್ 25ರ ಬೆಳಗಿನ ಜಾವ ಟ್ರೇಸಿ ಎಂಬ ಚಂಡಮಾರುತ ಊರಿನ ಮೇಲೆಯೇ ಹಾದುಹೋಯಿತು. ವಿಮಾನ ನಿಲ್ದಾಣದ ಮಾಪಕವು ಗಂಟೆಗೆ 217 ಕಿಲೋಮೀಟರ್ ವೇಗವನ್ನು ತೋರಿಸಿ ಕೆಟ್ಟುಹೋಯಿತು. 66 ಮಂದಿ ಸತ್ತರು. ಅರ್ಧಕ್ಕಿಂತ ಹೆಚ್ಚು ಮನೆಗಳು ದುರಸ್ತಿಗೂ ಬಾರದಂತಾದವು.

ಹಾನಿಯ ಕಾರಣವನ್ನು ಶೋಧಿಸಿದ ಇಂಜಿನಿಯರ್ ಜಾರ್ಜ್ ವಾಕರ್ ಅವರಿಗೆ ಕಂಡ ಸಂಗತಿ ಗಮನಾರ್ಹವಾದುದು. ತಗಡಿನ ಬಲವನ್ನು ಅದುವರೆಗೆ ಒಮ್ಮೆಲೇ ಭಾರ ಹೇರಿ ಅಳೆಯುತ್ತಿದ್ದರು. ಚಂಡಮಾರುತವೋ ಗಂಟೆಗಟ್ಟಲೆ ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು! ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತೇವಲ್ಲವೆ? ಹಾಗೆಯೇ ತಿರುಪುಗಳ ಸುತ್ತ ತಗಡು ಸೀಳಿ ಹಾರಿತು. ಸೂರು ಹೋದ ಮೇಲೆ ಗೋಡೆಗಳಿಗೆ ತಲೆಗಡೆಯ ಆಸರೆಯೇ ಇಲ್ಲ, ಅವೂ ಉರುಳಿದವು. ಮೂರು ವರ್ಷ ಮೊದಲೇ, 1971ರಲ್ಲಿ, ಆಲ್ತಿಯಾ ಎಂಬ ಚಂಡಮಾರುತ ಟೌನ್ಸ್‌ವಿಲ್ ನಗರದಲ್ಲಿ ಸೂರುಗಳನ್ನು ಕಿತ್ತಿತ್ತು. ಆ ಎಚ್ಚರಿಕೆ ಸಾಲದೆ ಹೋಯಿತೆಂದೇ ನಾವು ಹೇಳಬೇಕಾಗಿದೆ.

ಡಾರ್ವಿನ್ನಿನ ಹೊಸ ನಿಯಮವು ತಗಡನ್ನು 10,000 ಸಲ ಎಳೆದು ಬಿಟ್ಟು ಪರೀಕ್ಷಿಸಬೇಕೆಂದಿತು. ಅದಕ್ಕಿಂತ ಮುಖ್ಯವಾದುದು ಕಟ್ಟು. ರೀಪರಿನಿಂದ ಜಂತೆಗೆ, ಜಂತೆಯಿಂದ ಗೋಡೆಯ ನೆತ್ತಿಯ ತೊಲೆಗೆ, ಅಲ್ಲಿಂದ ಅಸ್ತಿಭಾರಕ್ಕೆ ಉಕ್ಕಿನ ಪಟ್ಟಿಗಳೂ ಸಲಾಕೆಗಳೂ ಎಡೆಬಿಡದೆ ಸಾಗಬೇಕು. ಬರಿಯ ಮೊಳೆ ಏಕೆ ಸಾಲದು? ಮೊಳೆಯನ್ನು ಅದರ ನೀಳಕ್ಕೆ ಎಳೆದರೆ ಸುಲಭವಾಗಿ ಕಿತ್ತುಬರುತ್ತದೆ. ಅಡ್ಡಲಾಗಿ ಎಳೆದರೆ ಬಿಗಿಯಾಗಿ ನಿಲ್ಲುತ್ತದೆ. ಮರದ ಪಕ್ಕಕ್ಕೆ ಪಟ್ಟಿಯನ್ನು ಹೊಡೆದಾಗ ಗಾಳಿಯ ಎಳೆತ ಮೊಳೆಗೆ ಅಡ್ಡಲಾಗಿಯೇ ಬೀಳುತ್ತದೆ. ಪಟ್ಟಿಯ ಗುಟ್ಟು ಇಷ್ಟೇ. ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಉಳಿದುವು ವ್ಯರ್ಥ.

2011ರ ಫೆಬ್ರವರಿಯಲ್ಲಿ ಯಾಸಿ ಎಂಬ ಚಂಡಮಾರುತ ಕ್ವೀನ್ಸ್‌ಲೆಂಡಿನ ತೀರವನ್ನು ಹೊಡೆದಾಗ, ಹೊಸ ನಿಯಮಗಳಂತೆ ಕಟ್ಟಿದ ಮನೆಗಳ ಸೂರುಗಳು ಹಳೆಯವುಗಳಿಗಿಂತ ಬಹುಮಟ್ಟಿಗೆ ಚೆನ್ನಾಗಿ ನಿಂತವು. ಅವುಗಳಲ್ಲಿಯೂ ಸೋತುದೊಂದುಂಟು: ಮೋಟಾರು ನಿಲ್ಲಿಸುವ ಕೊಟ್ಟಿಗೆಯ ಅಗಲವಾದ ಬಾಗಿಲು. ಅದು ಒಳಕ್ಕೆ ಬಿದ್ದಲ್ಲಿ ಗಾಳಿ ಮನೆಯೊಳಕ್ಕೆ ನುಗ್ಗಿತು.