ಬಂದಣಿಕೆಗೆ ಎಷ್ಟು ದಿನದ ದಾರಿ?

ದೂರವನ್ನು ಅಳೆಯಲು ನಮ್ಮ ಹಿರಿಯರಿಗೆ ಗಾವುದ, ಹರದಾರಿಗಳೆಂಬ ಮಾನಗಳಿದ್ದುವು. ಆದರೂ ಪಯಣ ಹೊರಟವನು ಕೇಳುತ್ತಿದ್ದುದು ‘ಎಷ್ಟು ದಿನದ ದಾರಿ?’ ಎಂದೇ. ಇಂದು ವಿಮಾನವೇರುವವನು ಕೇಳುವುದೂ ‘ಎಷ್ಟು ಗಂಟೆ?’ ಎಂದು. ದೂರವೆಂಬುದು ನೆಲದ ಅಳತೆಗಿಂತ ಹೆಚ್ಚಾಗಿ ಕಾಲದ ಅಳತೆ. ಶಿಕಾರಿಪುರ-ಸೊರಬ ಸೀಮೆಯ ಬಂದಳಿಕೆಯಲ್ಲಿ ನಿಂತು ಯೋಚಿಸಿದರೆ ಈ ಮಾತು ಚೆನ್ನಾಗಿ ಮನವರಿಕೆಯಾಗುತ್ತದೆ.

ಹಳೆಯ ಗುಡಿ ಬಸದಿಗಳ ಈ ಊರು ಶಾಸನಗಳಲ್ಲಿ ಬಂದಣಿಕೆ. ಬನವಾಸಿ ೧೨೦೦೦ಕ್ಕೆ ಸೇರಿದ ನಾಗರಖಂಡ ೭೦ರ ಮುಖ್ಯ ಸ್ಥಳ, ಜೈನರ ತೀರ್ಥ. ಕ್ರಿ.ಶ. ೯೧೧ರ ಸುಮಾರಿಗೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಈ ನಾಡಿನ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಇಲ್ಲಿಂದ ನೇರ ಗೆರೆಯೆಳೆದರೂ ೩೫೦ ಕಿಲೋಮೀಟರಿಗೆ ಮೇಲ್ಪಟ್ಟ ದೂರ. ದಿನಕ್ಕೆ ೨೦ ಕಿಲೋಮೀಟರು ಸಾಗುವ ಎತ್ತಿನ ಗಾಡಿಗೆ ಸುಮಾರು ಮೂರು ವಾರದ ದಾರಿ. ನಡುವೆ ಭೀಮೆ, ಕೃಷ್ಣೆ, ವರದೆಯರನ್ನು ದಾಟಬೇಕು. ಮಳೆಗಾಲದಲ್ಲಿ ಹೊಳೆ ಇಳಿಯುವ ತನಕ ದಡದಲ್ಲಿ ಕಾಯಬೇಕು. ಇಲ್ಲಿ ಕೆರೆಯ ಏರಿ ಒಡೆದರೆ ಅರಸನ ಅಪ್ಪಣೆಗಾಗಿ ಕುಳಿತಿರಲು ಸಾಧ್ಯವೇ? ಅಂಥ ರಾಜ್ಯದಲ್ಲಿ ಸ್ಥಳದ ಹೊಣೆ ಸ್ಥಳದವರ ಕೈಯಲ್ಲೇ ಇರಬೇಕಾಗಿತ್ತು. ನಾಗಾರ್ಜುನನ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಸಂದಿತು. ಆಕೆ ಸಮರ್ಥಳಾಗಿ ನಾಡನ್ನಾಳಿ, ದೇಹಕ್ಕೆ ವ್ಯಾಧಿ ತಗುಲಿದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ೯೧೮ರಲ್ಲಿ ಬಂದಣಿಕೆಯ ತೀರ್ಥದಲ್ಲಿ ವ್ರತ ಹಿಡಿದು ಮುಡಿಪಿದಳು.

ಇನ್ನು ನಮ್ಮ ಕಾಲದ ದೂರ. ೨೦೨೧ರ ಜನವರಿ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ಮೇಲೆ ಹಾದು ೧೧ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಎರಡು ನಿಲ್ದಾಣಗಳ ನೇರ ಅಂತರ ಸುಮಾರು ೧೪,೦೦೦ ಕಿಲೋಮೀಟರು. ಹಿಡಿದ ಹೊತ್ತು ಸುಮಾರು ೧೭ ಗಂಟೆ. ಆ ವೇಗದಲ್ಲಿ ಮಳಖೇಡದಿಂದ ಬಂದಳಿಕೆ ಅರ್ಧ ಗಂಟೆಯ ದಾರಿ! ೨೦೨೩ರ ಫೆಬ್ರವರಿ ೨೭ರಂದು ಶಿವಮೊಗ್ಗದ ಸೋಗಾನೆಯಲ್ಲಿಯೂ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿತು. ಭೂಮಿಯ ಆಚೆ ಮಗ್ಗುಲಿನಿಂದ ಹೊರಟವರು ಎರಡು ದಿನಗಳೊಳಗೆ ಬಂದಳಿಕೆಯ ಬಸದಿಯ ಮುಂದೆ ನಿಲ್ಲಬಹುದು.

ಆದರೆ ಇನ್ನೊಂದು ಸಂಗತಿಯಿದೆ. ಆ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು, ಪೈಲಟ್‌ಗಳೆಲ್ಲರೂ ಮಹಿಳೆಯರು. ಪತ್ರಿಕೆಗಳು ಹಾರಾಟದ ದೂರಕ್ಕಿಂತ ಇದನ್ನೇ ಸೋಜಿಗದಿಂದ ಬರೆದುವು. ಜಕ್ಕಿಯಬ್ಬೆಯ ಶಾಸನವೂ, ಹೆಣ್ಣಾಗಿದ್ದರೂ ಆಕೆ ಪರಾಕ್ರಮದಿಂದ ನಾಡನ್ನು ಕಾಯ್ದಳೆಂದು ಅಂಥದೇ ಸೋಜಿಗವನ್ನು ಕಲ್ಲಿನಲ್ಲಿ ಕೆತ್ತಿದೆ. ಮೂರು ವಾರದ ದಾರಿಯನ್ನು ಅರ್ಧ ಗಂಟೆಗೆ ಇಳಿಸಿದೆವು, ನಿಜ. ಸಾವಿರದ ನೂರು ವರ್ಷಗಳಲ್ಲಿ ಆ ಒಂದು ಸೋಜಿಗದಿಂದ ಮಾತ್ರ ನಾವು ಎಷ್ಟು ದೂರ ಬಂದಿದ್ದೇವೆ?