ಊಟದ ತಟ್ಟೆ–ಲೋಟಗಳು: ಪ್ಲಾಸ್ಟಿಕ್, ಜೈವಿಕ ಪ್ಲಾಸ್ಟಿಕ್ ಮತ್ತು ಎಲೆ (ತೇನಿ, ಕಂಬಂ ಕಣಿವೆ, ದಿಂಡಿಗಲ್)

1895ರಿಂದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರುಣ್ಣುತ್ತಿರುವ ಕಂಬಂ ಕಣಿವೆ ಬಾಳೆಯ ಸೀಮೆ. ದಿಂಡಿಗಲ್ ಪಕ್ಕದ ಸಿರುಮಲೈ ಬಾಳೆಗಂತೂ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯ ಒಕ್ಕಲಿಗರೂ ಸೇರಿ ಇಲ್ಲಿಯವರ ಮದುವೆಯೂಟ ನಡೆಯುತ್ತಿದ್ದುದು ಎಲೆಯ ಮೇಲೆ. ಉಂಡೆಲೆ ದನಕ್ಕೋ ತಿಪ್ಪೆಗೋ ಹೋಗುತ್ತಿತ್ತು. ಆಮೇಲೆ ಥರ್ಮೊಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ತಟ್ಟೆಯ ಮೇಲೆ ಹಾಸುವ ಹಾಳೆ ಬಂದವು. ಅಗ್ಗ, ತೊಳೆಯುವ ಕೆಲಸವಿಲ್ಲ. ಅವು ಗೆದ್ದದ್ದು ಇಷ್ಟಕ್ಕೇ.

ತಮಿಳುನಾಡು 2019ರ ಜನವರಿ 1ರಿಂದ ಇಂಥ 14 ಬಗೆಯ ವಸ್ತುಗಳನ್ನು ನಿಷೇಧಿಸಿತು. ಪ್ಲಾಸ್ಟಿಕ್ ಲೇಪದ ಕಾಗದದ ಲೋಟವೂ ಪಟ್ಟಿಯಲ್ಲಿತ್ತು. ತಯಾರಕರು ಕೋರ್ಟಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಲೋಟದ ನಿಷೇಧವನ್ನು ಎತ್ತಿಹಿಡಿಯಿತು. ಅಂಥ ಲೋಟದಲ್ಲಿ 100 ಮಿಲಿ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರ ಐಐಟಿ ಸಂಶೋಧಕರು 2020ರಲ್ಲೇ ಕಂಡಿದ್ದರು.

ಗೊಬ್ಬರವಾಗಿ ಕರಗುವ ಪ್ಲಾಸ್ಟಿಕ್‌ಗೆ ಮಾತ್ರ ನಿಯಮಗಳು ದಾರಿ ಬಿಟ್ಟವು. ಇಂಥ ಜೈವಿಕ ಪ್ಲಾಸ್ಟಿಕ್‌ಗಳಲ್ಲಿ ಮುಖ್ಯವಾದದ್ದು ಪಿಎಲ್‌ಎ: ಮೆಕ್ಕೆಜೋಳ, ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದ ಸರಪಳಿ. 1932ರಲ್ಲಿ ರಸಾಯನಶಾಸ್ತ್ರಜ್ಞ ಕರೋಥರ್ಸ್ ಪ್ರಯೋಗಾಲಯದಲ್ಲಿ ತಯಾರಿಸಿದ್ದರೂ ದೊಡ್ಡ ಕಾರ್ಖಾನೆ ಶುರುವಾದದ್ದು 2002ರಲ್ಲಿ, ಅಮೆರಿಕದ ನೆಬ್ರಾಸ್ಕದಲ್ಲಿ. ಕಲ್ಲೆಣ್ಣೆಯಿಂದಾಗುವ, ಥರ್ಮೊಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನಿಗಿಂತ ಇದರ ಇಂಗಾಲದ ಹೊರೆ ಸಾಮಾನ್ಯವಾಗಿ ಕಡಿಮೆ. ಆದರೆ ಬೆಳೆಗೆ ಭೂಮಿ, ನೀರು, ಗೊಬ್ಬರ ಬೇಕು. ಹರಿದುಹೋದ ಗೊಬ್ಬರ ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ. ಸಾದಾ ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ಕುದಿವ ಸಾಂಬಾರಿಗೆ ಒಗ್ಗದು.

ದೊಡ್ಡ ತೊಡಕು ಊಟವಾದ ಮೇಲಿನದು. ಪಿಎಲ್‌ಎ ಬೇಗ ಕರಗಲು 58 ಡಿಗ್ರಿ ಸುತ್ತಲಿನ ಕಾವು ವಾರಗಟ್ಟಲೆ ನಿಲ್ಲಬೇಕು. ಹಿತ್ತಲ ತಿಪ್ಪೆಯಲ್ಲಿ ಅದಿಲ್ಲ, ವೈಗೈ ನದಿಯ ನೀರಿನಲ್ಲಂತೂ ಇಲ್ಲವೇ ಇಲ್ಲ. ಚರಂಡಿಗೆ ಬಿದ್ದರೆ ಇದೂ ವರ್ಷಗಟ್ಟಲೆ ಉಳಿಯುವ ಕಸವೇ; ಬಾಟಲಿಯ ಪ್ಲಾಸ್ಟಿಕ್ ಜೊತೆ ಬೆರೆತರೆ ಮರುಬಳಕೆಯನ್ನೂ ಕೆಡಿಸುತ್ತದೆ. ಹಾಗಾಗಿ ಕಾವು ಹಿಡಿದಿಡುವ ಗೊಬ್ಬರ ಘಟಕ ಹತ್ತಿರವಿಲ್ಲದ ಊರಿನಲ್ಲಿ ಇದು ಹೆಸರಿಗಷ್ಟೇ ಹಸಿರು. ಎಲೆ ಅಥವಾ ತೊಳೆದಿಡುವ ಸ್ಟೀಲ್ ತಟ್ಟೆಯೇ ಮೇಲು. ಕರಗುವ ತಟ್ಟೆಯನ್ನೇ ಕೊಳ್ಳುವವರು ಅದರ ಮೇಲೆ ಐಎಸ್ 17088 ಮಾನಕದ ಗುರುತು ನೋಡಲಿ, ಉಂಡ ಮೇಲೆ ಅದು ಯಾವ ಘಟಕಕ್ಕೆ ಹೋಗುತ್ತದೆಂದು ಅಂಗಡಿಯವರನ್ನು ಕೇಳಲಿ.